ಹಿಮಗಾಳಿಗೊಂದು ಬಾಣಂತನ

ಪ್ರತಿಯೊಬ್ಬ ಮನುಷ್ಯನೂ ಯಾವುದಾದರೂ ಒಂದು ವಿಷಯದಲ್ಲಿ ಪಂಡಿತನಾಗಿರುತ್ತಾನೆ ಎಂದು ನಾನು ನಂಬಿದ್ದೇನೆ. ಕೆಲವರಿಗೆ ರಾಜಕೀಯ, ಕೆಲವರಿಗೆ ಕ್ರಿಕೆಟ್ಟು, ಕೆಲವರಿಗೆ ಪಕ್ಕದ ಮನೆಯವರ ಸಮಾಚಾರ. ನನ್ನ ಪಾಂಡಿತ್ಯವೇನಿದ್ದರೂ ಚಳಿಯಲ್ಲಿ. ದಯವಿಟ್ಟು ನಗಬೇಡಿ. ದುಬೈಯಲ್ಲಿ ಕೂತು ಚಳಿಯ ಮಾತಾಡುವವನನ್ನು ಕಂಡರೆ ನಗು ಬರುವುದು ಸಹಜ, ಒಪ್ಪುತ್ತೇನೆ. ಆದರೆ ನಾನು ರಾಸ್ ಅಲ್ ಖೋರಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸೂಪರ್‌ವೈಸರ್ ಆಗಿದ್ದೇನೆ. ಜುಲೈ ತಿಂಗಳಲ್ಲಿ ಊರಿಗೆ ಊರೇ ನೆರಳು ಹುಡುಕಿಕೊಂಡು ಓಡುತ್ತಿರುವಾಗ ನಾನು ಮೈನಸ್ ಇಪ್ಪತ್ತೆರಡು ಡಿಗ್ರಿಯಲ್ಲಿ ಕೋಳಿ, ಮೀನು, ಹಸಿ ಬಟಾಣಿಗಳ ನಡುವೆ ಕಿತ್ತಳೆ ಬಣ್ಣದ ಫ್ರೀಝರ್ ಸೂಟು ತೊಟ್ಟು ಓಡಾಡುತ್ತಿರುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ಮೀಸೆಯ ಮೇಲೆ ಮಂಜು ಕಟ್ಟಿದ್ದನ್ನು ನಾನು ಮನೆಗೆ ಬಂದ ನೆಂಟರಿಗೆಲ್ಲ ಹೇಳಿದ್ದೇನೆ. ಕೆಲವರಿಗೆ ಎರಡೆರಡು ಸಲ ಹೇಳಿದ್ದೇನಂತೆ. ಇದು ನನ್ನ ಹೆಂಡತಿಯ ಲೆಕ್ಕ.

ಹೆಂಡತಿ ಜೆಸಿಂತಾಳಿಗೂ ಚಳಿಗೂ ಆಗಿಬರುವುದಿಲ್ಲ. ನಮ್ಮ ಫ್ಲಾಟಿನಲ್ಲಿ ಏಸಿಯ ರಿಮೋಟು ಇರುವಷ್ಟು ದಿನ ಶಾಂತಿ ಇರುವುದಿಲ್ಲ. ನಾನು ಇಪ್ಪತ್ತಕ್ಕೆ ಇಟ್ಟರೆ ಅವಳು ಇಪ್ಪತ್ತಾರಕ್ಕೆ ಏರಿಸುತ್ತಾಳೆ. ಹೊರಗೆ ಮರಳುಗಾಡು ಕುದಿಯುತ್ತಿರುವಾಗ ಒಳಗೆ ಸ್ವೆಟರು ಹಾಕಿ ಟೀವಿ ನೋಡುವ ಹೆಂಗಸು ಅವಳು. ಜನವರಿಯಲ್ಲಿ ಒಂದಿಷ್ಟು ತಂಗಾಳಿ ಬೀಸಿದರೆ ಸಾಕು, ಕಿವಿಗೆ ಹತ್ತಿ, ತಲೆಗೆ ಶಾಲು, ಎಲ್ಲರಿಗೂ ಕಾಳುಮೆಣಸಿನ ಕಷಾಯ. ನಾನು ಬೇಡವೆಂದರೆ, "ಶೀತ ಆದ್ರೆ ಯಾರು ನೋಡುದು?" ಎನ್ನುತ್ತಾಳೆ. ನನಗೆ, ಮೈನಸ್ ಇಪ್ಪತ್ತೆರಡರ ಮನುಷ್ಯನಿಗೆ, ಶೀತದ ಪಾಠ!

ಇಂಥವಳು ಕಳೆದ ಡಿಸೆಂಬರಿನಲ್ಲಿ ಕೆನಡಾಕ್ಕೆ ಹೊರಟು ನಿಂತಳು. ಅವಳ ತಂಗಿ ಲವೀನಾ ಇಲ್ಲೇ ಅಲ್ ಐನ್ ಊರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ಗಂಡನೂ ನರ್ಸೇ. ಇಬ್ಬರೂ ಕೆನಡಾದ ಒಂದು ಸಣ್ಣ ಊರಿಗೆ ಹೋಗಿ ವರ್ಷ ತುಂಬಿತ್ತಷ್ಟೆ, ಹೊಟ್ಟೆಯಲ್ಲಿ ಮೊದಲ ಮಗು. ಅತ್ತೆ ತೀರಿಹೋಗಿ ಬಹಳ ಕಾಲವಾಗಿದೆ. ತಾಯಿ ಇಲ್ಲದ ಮೇಲೆ ಬಾಣಂತನಕ್ಕೆ ಅಕ್ಕನೇ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ. ಹತ್ತನೇ ಕ್ಲಾಸಿನ ಮಗಳು ರಿಯಾಳನ್ನು ನಾನು ನೋಡಿಕೊಳ್ಳುವುದು, ನನ್ನನ್ನು ರಿಯಾ ನೋಡಿಕೊಳ್ಳುವುದು ಎಂದು ಏರ್ಪಾಡಾಯಿತು. ನನ್ನ ಚಿಂತೆ ಬೇರೆಯೇ ಆಗಿತ್ತು. ಇಪ್ಪತ್ತಾರು ಡಿಗ್ರಿಯಲ್ಲಿ ನಡುಗುವವಳು ಆ ಹಿಮದ ದೇಶದಲ್ಲಿ ಬಾಣಂತಿಯನ್ನು ನೋಡುವುದು ಹಾಗಿರಲಿ, ಇವಳನ್ನು ಯಾರು ನೋಡುವುದು?

ಹಾಗಾಗಿ ಪ್ಯಾಕಿಂಗಿನ ಮುಂದಾಳತ್ವವನ್ನು ನಾನೇ ವಹಿಸಿಕೊಂಡೆ. ಬರ್ ದುಬೈಯ ಅಂಗಡಿಗಳನ್ನು ಸುತ್ತಿ ಉಣ್ಣೆಯ ಕಾಲುಚೀಲ, ಕೈಗವಸು ತಂದೆ. ಗೋದಾಮಿನಿಂದ ನನ್ನ ಹಳೆಯ ಫ್ರೀಝರ್ ಸೂಟನ್ನು ಒಗೆಸಿ ತಂದೆ. ನಾಲ್ಕು ಕಿಲೋ ತೂಕ, ಎದೆಯ ಮೇಲೆ ಬೆಳ್ಳಿಯ ಪಟ್ಟಿ, ಹಾಕಿಕೊಂಡರೆ ಯಾವ ಚಳಿಯೂ ಹತ್ತಿರ ಸುಳಿಯಬಾರದು. ಸೂಟ್‌ಕೇಸ್ ತೆರೆದು ನೋಡುತ್ತೇನೆ, ಅದರಲ್ಲಿ ಜಾಗವೇ ಇಲ್ಲ. ಓಮ, ಒಣಶುಂಠಿ, ಕಾಳುಮೆಣಸು, ಬಾಣಂತಿ ಲೇಹ್ಯದ ಡಬ್ಬಿ, ತೆಂಗಿನೆಣ್ಣೆ, ಹತ್ತಿಯ ಉಂಡೆಗಳು, ತೊಳೆದು ತೊಳೆದು ಮೆತ್ತಗಾದ ಹಳೆಯ ಹತ್ತಿ ಸೀರೆ ಒಂದು ರಾಶಿ, ನಾಲ್ಕು ದೊಡ್ಡ ಫ್ಲಾಸ್ಕು. ಮೇಲಿಂದ ಕುಸ್ವಾರ್. ಕ್ರಿಸ್ಮಸ್ಸಿಗೆಂದು ನಮ್ಮ ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಮಾಡುವ ತಿಂಡಿಗಳ ರಾಶಿಗೆ ಈ ಹೆಸರು: ನೆವ್ರಿ, ಚಕ್ಕುಲಿ, ರೋಸ್ ಕುಕ್ಕಿ, ಎಳ್ಳುಂಡೆ. ಒಂದು ಮದುವೆಯ ದಿಬ್ಬಣಕ್ಕೆ ಸಾಕಾಗುವಷ್ಟಿತ್ತು.

"ಅಲ್ಲಿ ಹಿಮ ಬೀಳುತ್ತದೆ ಮಾರಾಯ್ತಿ, ಚಕ್ಕುಲಿಯನ್ನು ಮೈಗೆ ಸುತ್ತಿಕೊಳ್ತೀಯಾ?" ಎಂದು ಕೇಳಿದೆ. ಚಳಿಯ ವಿಷಯದಲ್ಲಿ ನನ್ನ ಇಪ್ಪತ್ತೆರಡು ವರ್ಷಗಳ ಅನುಭವವನ್ನೂ ನೆನಪಿಸಿದೆ.

ಅವಳು ಸೀರೆ ಮಡಚುತ್ತಲೇ ಹೇಳಿದಳು: "ನಿಮ್ಮ ಹತ್ತಿರ ಬರುವ ಕೋಳಿಗಳೆಲ್ಲ ಸತ್ತ ಮೇಲೆ ಬರುದಲ್ವಾ? ನನಗೆ ಬದುಕಿರುವ ಜನ ನೋಡ್ಲಿಕ್ಕುಂಟು."

ರಿಯಾ ಸೋಫಾದಲ್ಲಿ ಬಿದ್ದು ಬಿದ್ದು ನಕ್ಕಳು. "ಡ್ಯಾಡಿ, ಯುವರ್ ಜಾಬ್ ಈಸ್ ಟು ಕೀಪ್ ಥಿಂಗ್ಸ್ ಕೋಲ್ಡ್!" ಎಂದಳು. ಅಂದರೆ, ತಣ್ಣಗಿಡುವುದು ನನ್ನ ಕಸುಬು, ಬೆಚ್ಚಗಿಡುವುದಲ್ಲ ಎಂದು. ಮಕ್ಕಳನ್ನು ಒಳ್ಳೆಯ ಶಾಲೆಗೆ ಕಳಿಸಬಾರದು. ಕೊನೆಗೂ ಸೂಟು ಒಳಗೆ ಹೋಯಿತು, ಆದರೆ ಮರ್ಯಾದೆಯಿಂದಲ್ಲ. "ಫ್ಲಾಸ್ಕು ಒಡೀದ ಹಾಗೆ ಸುತ್ತಲಿಕ್ಕೆ ಆಗ್ತದೆ" ಎಂದು ಜೆಸಿಂತಾ ಅದನ್ನು ತೆಗೆದುಕೊಂಡಳು.

ಕ್ರಿಸ್ಮಸ್ ಕಳೆದು ನಾಲ್ಕು ದಿನಕ್ಕೆ ಲವೀನಾ ಹೆತ್ತಳು, ಗಂಡು ಮಗು. ಅಂದಿನಿಂದ ದಿನಾ ಸಂಜೆ, ಅವರಿಗೆ ಬೆಳಿಗ್ಗೆ, ವಿಡಿಯೋ ಕಾಲ್ ಬರತೊಡಗಿತು. ಲವೀನಾಳದು ದಿನವೂ ಒಂದೇ ದೂರು. "ನೋಡಿ ಬಾವ, ಮನೆಯಲ್ಲಿ ಇಡೀ ದಿನ ಹೀಟರ್ ಉಂಟು. ಆದ್ರೂ ಅಕ್ಕ ತಲೆಗೆ ಬಟ್ಟೆ ಕಟ್ಟಿ ಕಿವಿಗೆ ಹತ್ತಿ ತುರುಕಿದ್ದಾಳೆ. ನಾನು ನರ್ಸ್ ಅಲ್ವಾ, ನನಗೆ ಗೊತ್ತಿಲ್ವಾ?" ನಾನು ಪೂರ್ತಿ ಅವಳ ಪರ. ವಿಜ್ಞಾನ ಬಲ್ಲವರು ನಾವಿಬ್ಬರೇ ಎಂಬ ಭಾವ ನನ್ನದು. ಹಿಂದಿನಿಂದ ಜೆಸಿಂತಾಳ ಕೈಯೊಂದು ಬಂದು ಜಾರಿದ ಬಟ್ಟೆಯನ್ನು ಮತ್ತೆ ಬಿಗಿಯುತ್ತಿತ್ತು.

ಮಗುವಿಗೆ ಹನ್ನೆರಡು ದಿನವಾದಾಗ ಎಚ್ಚರಿಕೆ ಬಂತು. ಅಂದು ಬೆಳಿಗ್ಗೆ ನಮ್ಮ ಫೋನುಗಳಲ್ಲೂ ಹೆದ್ದಾರಿಯಲ್ಲಿ ದಟ್ಟ ಮಂಜು ಎಂಬ ಸಂದೇಶ ಬಂದಿತ್ತು. ಸಂಜೆ ಲವೀನಾ ಕಳಿಸಿದ್ದೂ ಮಂಜಿನದೇ. ಇಲ್ಲಿನದು ಮುಸುಕುವ ಮಂಜು, ಅಲ್ಲಿನದು ಸುರಿಯುವ ಮಂಜು, ನಮ್ಮ ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಇಲ್ಲಿ ಅದಕ್ಕೆ ಕಾರು ನಿಧಾನ ಓಡಿಸಿದರೆ ಮುಗಿಯಿತು. ಅಲ್ಲಿ ಹಾಗಲ್ಲ. ಎರಡು ದಿನ ಹಿಮದ ಬಿರುಗಾಳಿ, ಕರೆಂಟು ಹೋಗಬಹುದು, ಮನೆಯನ್ನು ಸಜ್ಜು ಮಾಡಿಕೊಳ್ಳಿ ಎಂದು ಅಲ್ಲಿನ ಸರಕಾರದವರು ದೊಡ್ಡ ಪಟ್ಟಿಯನ್ನೇ ಕಳಿಸಿದ್ದರು. ಲವೀನಾಳ ಗಂಡ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ. ಬದಲಿಗೆ ಬರುವವರು ಬರಲಾಗದೆ ಅವನು ಅಲ್ಲೇ ಉಳಿಯಬೇಕಾಗಿತ್ತು. ಮನೆಯಲ್ಲಿ ಎರಡು ಹೆಂಗಸರು, ಒಂದು ಹಸುಗೂಸು.

ಕೊನೆಗೂ ನನ್ನ ಕಾಲ ಬಂತು ಎಂದುಕೊಂಡೆ. ವಿಡಿಯೋ ಕಾಲಿನಲ್ಲಿ ನೆಟ್ಟಗೆ ಕೂತು ಕೋಲ್ಡ್ ಸ್ಟೋರೇಜಿನ ನಿಯಮಗಳನ್ನು ಹೇಳತೊಡಗಿದೆ. ಒಬ್ಬರೇ ಹೊರಗೆ ಹೋಗಬಾರದು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಚಳಿಯಲ್ಲಿ ನಿಲ್ಲಬಾರದು. ಬಾಗಿಲ ಬಳಿ ಒಂದು ರಿಜಿಸ್ಟರ್ ಇಟ್ಟು ಹೋಗುವ ಬರುವ ಸಮಯ ಬರೆದು ಸಹಿ ಮಾಡಬೇಕು. "ಯಾರು, ಮಗುವಾ ಸಹಿ ಮಾಡುದು?" ಎಂದು ಜೆಸಿಂತಾ ಕೇಳಿದಳು. ಅಷ್ಟರಲ್ಲಿ ರಿಯಾ ನನ್ನನ್ನು ಪಕ್ಕಕ್ಕೆ ಸರಿಸಿ ಸರಕಾರದ ಪಟ್ಟಿಯನ್ನು ಓದಲು ಶುರುಮಾಡಿದಳು. ಮೂರು ದಿನಕ್ಕಾಗುವಷ್ಟು, ಬೇಯಿಸದೆ ತಿನ್ನುವಂಥ ಆಹಾರ ಇಟ್ಟುಕೊಳ್ಳಿ.

"ಕುಸ್ವಾರ್ ಇನ್ನೂ ಎರಡು ಡಬ್ಬಿ ಉಂಟು" ಎಂದಳು ಜೆಸಿಂತಾ.

ಮುಂಚಿತವಾಗಿ ನೀರು ತುಂಬಿಡಿ.

"ಬಾಣಂತಿಗೆ ಬಿಸಿನೀರೇ ಅಲ್ವಾ ಕೊಡುದು? ನಾಲ್ಕು ಫ್ಲಾಸ್ಕಿನಲ್ಲೂ ಉಂಟು."

ಒಂದರ ಮೇಲೊಂದು ಪದರವಾಗಿ ಬಟ್ಟೆ ತೊಡಿ, ತಲೆ ಮತ್ತು ಕಿವಿ ಮುಚ್ಚಿಕೊಳ್ಳಿ. ಜೆಸಿಂತಾ ಫೋನನ್ನು ತಂಗಿಯ ಕಡೆ ತಿರುಗಿಸಿದಳು. ತಲೆಗೆ ಬಟ್ಟೆ ಕಟ್ಟಿಕೊಂಡ ಲವೀನಾ ಬೇರೆ ಕಡೆ ನೋಡುತ್ತಿದ್ದಳು. ಎಲ್ಲರೂ ಒಂದೇ ಕೋಣೆಯಲ್ಲಿರಿ, ಬಾಗಿಲು ಕಿಟಕಿಗಳ ಸಂದಿಗೆ ಬಟ್ಟೆ ತುರುಕಿ ಗಾಳಿ ಬಾರದಂತೆ ಮಾಡಿ. ಹನ್ನೆರಡು ದಿನದಿಂದ ಹಾಗೆಯೇ ಇದೆ ಎಂದು ಉತ್ತರ ಬಂತು. ಅಗತ್ಯವಿಲ್ಲದೆ ಹೊರಗೆ ಹೋಗಬೇಡಿ.

"ನಲವತ್ತು ದಿನ ಹೋಗುದಿಲ್ಲ" ಎಂದಳು ಜೆಸಿಂತಾ. ಆಮೇಲೆ ನನ್ನ ಮುಖವನ್ನೇ ನೋಡಿ, "ಇದು ನಮ್ಮ ಬಾಣಂತನ ಅಲ್ವಾ ಮಾರಾಯ್ರೆ? ಇಷ್ಟು ಹೇಳ್ಲಿಕ್ಕೆ ಅವರಿಗೆ ಒಂದು ಸರಕಾರ ಬೇಕಾ?" ಎಂದು ಕೇಳಿದಳು.

ನಾನು ಸೋಲೊಪ್ಪಿಕೊಂಡು ನಕ್ಕೆ. ಆದರೆ ಅವಳು ಮುಂದುವರಿದು, ಕರೆಂಟು ಹೋದರೆ ಹೆದರಿಕೆಯಿಲ್ಲ, ಮನೆಯ ಶೆಡ್ಡಿನಲ್ಲಿ ಬಾರ್ಬೆಕ್ಯೂ ಇದ್ದಿಲು ನೋಡಿದ್ದೇನೆ, ಊರಲ್ಲಿ ಮಾಡುವ ಹಾಗೆ ಬಾಣಂತಿಯ ಮಂಚದಡಿ ಕೆಂಡ ಇಡುತ್ತೇನೆ ಎಂದಾಗ ನಾನು ಕೂತಲ್ಲಿಂದ ಎದ್ದುಬಿಟ್ಟೆ. ತಮಾಷೆಯೆಲ್ಲ ಇಳಿದುಹೋಯಿತು. ಒಂದು ಚಳಿಗಾಲದಲ್ಲಿ ನಮ್ಮ ಗೋದಾಮಿನ ಫೋರ್ಕ್‌ಲಿಫ್ಟ್ ಡ್ರೈವರೊಬ್ಬ ತನ್ನ ಕೋಣೆಯಲ್ಲಿ ಕೆಂಡದ ಬಾಣಲೆ ಇಟ್ಟು ಬಾಗಿಲು ಮುಚ್ಚಿ ಮಲಗಿದ್ದ. ಬೆಳಿಗ್ಗೆ ಬಾಗಿಲು ಒಡೆದು ಅವನನ್ನು ಹೊರಗೆ ಎಳೆದವರಲ್ಲಿ ನಾನೂ ಒಬ್ಬ. ಅವನು ಬದುಕಿದ್ದೇ ಹೆಚ್ಚು. ಮುಚ್ಚಿದ ಕೋಣೆಯಲ್ಲಿ ಕೆಂಡ ಬಿಡುವ ವಿಷಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಏಳುವುದಿಲ್ಲ ಅಷ್ಟೆ. "ಜೆಸ್ಸಿ, ನನ್ನ ಬೇರೆ ಯಾವ ಮಾತೂ ಕೇಳಬೇಡ. ಕೆಂಡ ಮಾತ್ರ ಬೇಡ. ಮನೆಯೊಳಗೆ ಬೇಡವೇ ಬೇಡ" ಎಂದೆ. ಜೆಸಿಂತಾ, "ಆಯ್ತು, ಇಡುದಿಲ್ಲ" ಎಂದಳು. ಮದುವೆಯಾದ ಮೇಲೆ ಅವಳು ನನ್ನ ಮಾತನ್ನು ಒಂದೇ ಸಲಕ್ಕೆ ಒಪ್ಪಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ, "ಕರೆಂಟು ಹೋಯ್ತು, ಚಾರ್ಜು ಉಳಿಸಬೇಕು" ಎಂದು ಜೆಸಿಂತಾಳ ಒಂದು ಮೆಸೇಜು ಬಂತು. ಆಮೇಲೆ ಅವಳ ಫೋನು ಸತ್ತಿತು. ನಾನು ಕಳಿಸಿದ ಮೆಸೇಜಿಗೆ ಒಂದೇ ಟಿಕ್ಕು, ಅಂದರೆ ಅವಳಿಗೆ ತಲುಪಿಲ್ಲ. ಗೋದಾಮಿಗೆ ಹೋಗಿ, ಸೂಟು ಹಾಕಿ, ಎಂದಿನಂತೆ ಚೇಂಬರಿನೊಳಗೆ ಹೋದೆ. ಗೋಡೆಯ ಮೀಟರು ಮೈನಸ್ ಇಪ್ಪತ್ತೆರಡು ತೋರಿಸುತ್ತಿತ್ತು. ಅಲ್ಲಿ ಹೊರಗೂ ಸರಿಸುಮಾರು ಅಷ್ಟೇ ಎಂದು ರಿಯಾ ಹೇಳಿದ್ದಳು. ಚಳಿ ಏನು ಮಾಡುತ್ತದೆ ಎಂದು ಗೊತ್ತಿಲ್ಲದವನು ಧೈರ್ಯವಾಗಿರಬಹುದು. ನನಗೆ ಗೊತ್ತಿತ್ತು, ಅದೇ ತೊಂದರೆ. ಆ ಮಗುವಿನ ತೂಕ ಮೂರು ಕಿಲೋ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಆ ಸೂಟಿನೊಳಗೆ ನನಗೆ ಚಳಿಯಾಯಿತು.

ಮಧ್ಯಾಹ್ನವೇ ರಜೆ ಹೇಳಿ ಮನೆಗೆ ಬಂದೆ. ದುಬೈಗೂ ಅಂದೇ ಮಳೆ ಹನಿಸುವ ಮನಸ್ಸಾಗಿತ್ತು. ನಮ್ಮ ಫ್ಲಾಟಿನಲ್ಲಿ ಫೋನಿಗೆ ಚೆನ್ನಾಗಿ ಸಿಗ್ನಲ್ ಸಿಗುವುದು ಬಾಲ್ಕನಿಯ ಒಂದು ಮೂಲೆಯಲ್ಲಿ ಮಾತ್ರ. ಬನಿಯನ್ ಲುಂಗಿಯಲ್ಲಿ ಆ ಮೂಲೆಗೆ ಒರಗಿ, ಒದ್ದೆಯಾಗುತ್ತ, ಒಂದು ಟಿಕ್ಕು ಎರಡಾಗುವುದನ್ನೇ ಕಾಯುತ್ತ ನಿಂತೆ. ಜಪಮಾಲೆಯನ್ನೂ ಹಿಡಿದಿದ್ದೆ, ಎಷ್ಟು ಸುತ್ತಾಯಿತೋ ನೆನಪಿಲ್ಲ. ರಿಯಾ ಎರಡು ಸಲ ಒಳಗೆ ಕರೆದಳು. "ನನಗೆ ಚಳಿ ಹೊಸದಲ್ಲ" ಎಂದು ಗದರಿಸಿದೆ.

ಕತ್ತಲಾಗುವ ಹೊತ್ತಿಗೆ ಫೋನು ರಿಂಗಾಯಿತು. ತೆರೆಯ ಮೇಲೆ ಜೆಸಿಂತಾಳ ಮುಖ. ಆಗಷ್ಟೇ ಕರೆಂಟು ಬಂದಿತ್ತಂತೆ. ಹೀಟರು ನಿಂತು ಹನ್ನೊಂದು ಗಂಟೆ ಕಳೆದಿದ್ದರೂ ಆ ಪುಟ್ಟ ಕೋಣೆ ಬೆಚ್ಚಗೇ ಇತ್ತಂತೆ. ಫ್ಲಾಸ್ಕಿನ ಬಿಸಿನೀರನ್ನು ರಬ್ಬರಿನ ಚೀಲಕ್ಕೆ ತುಂಬಿ ಬಾಣಂತಿಯ ಕಾಲಬಳಿ ಇಟ್ಟಿದ್ದಳು. ಕಿಟಕಿಗೆ ಎಂಟು ಹತ್ತಿ ಸೀರೆಗಳ ಪರದೆ. ಮಗು ತಾಯಿಯ ಎದೆಗಂಟಿ, ಮೇಲೆ ಕಂಬಳಿ ಹೊದ್ದು, ಲೋಕದ ಪರಿವೆಯಿಲ್ಲದೆ ಮಲಗಿತ್ತು. ಲವೀನಾ ಎಳ್ಳುಂಡೆ ತಿನ್ನುತ್ತಿದ್ದಳು. "ಬಾವ, ತಲೆಯ ಬಟ್ಟೆಯನ್ನು ಇನ್ನು ನಾನಾಗಿಯೇ ಕಟ್ಟಿಕೊಳ್ತೇನೆ" ಎಂದಳು. ನನ್ನ ಕಣ್ಣು ತುಂಬಿತು. ಅದನ್ನು ಮರೆಸಲು, "ನನ್ನ ಫ್ರೀಝರ್ ಸೂಟು ಉಪಯೋಗಕ್ಕೆ ಬಂತಾ?" ಎಂದು ಕೇಳಿದೆ.

"ಬಾರದೆ ಎಂಥ" ಎನ್ನುತ್ತ ಜೆಸಿಂತಾ ಫೋನನ್ನು ಕೆಳಗೆ ತಿರುಗಿಸಿದಳು. ನನ್ನ ಇಪ್ಪತ್ತೆರಡು ವರ್ಷಗಳ ಮಾನ ಮರ್ಯಾದೆ ಸುರುಳಿ ಸುತ್ತಿಕೊಂಡು ಬಾಗಿಲ ಸಂದಿಯಲ್ಲಿ ಬಿದ್ದುಕೊಂಡಿತ್ತು, ಗಾಳಿ ಬಾರದ ಹಾಗೆ. "ಒಂಚೂರು ಗಾಳಿ ಬರ್ಲಿಲ್ಲ ನೋಡಿ" ಎಂದಳು. ಹೊಗಳಿದ್ದೇ ಇರಬೇಕು.

ಆಗಲೇ ನಾನು ಸೀನಿದೆ. ಒಂದಲ್ಲ, ಏಳು ಸಲ. ಮೈನಸ್ ಇಪ್ಪತ್ತೆರಡರಲ್ಲಿ ಕೂತಿದ್ದ ಜೆಸಿಂತಾಳ ಮುಖ ಗಂಭೀರವಾಯಿತು. "ಅಲ್ಲಿ ಎಷ್ಟು ಡಿಗ್ರಿ?" ಎಂದು ಕೇಳಿದಳು. ಹದಿನೇಳು ಎಂದು ರಿಯಾ ಚಾಡಿ ಹೇಳಿದಳು, ಬಾಲ್ಕನಿಯ ಕಥೆಯನ್ನೂ ಸೇರಿಸಿದಳು. ಆಮೇಲೆ ನಡೆದದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕಿವಿಗೆ ಹತ್ತಿ, ತಲೆಗೆ ಟವೆಲ್ಲು, ಕಾಳುಮೆಣಸಿನ ಕಷಾಯ, ಕುಡಿಯಲು ಬಿಸಿನೀರು ಮಾತ್ರ, ಕೋಣೆ ಬಿಟ್ಟು ಹೊರಗೆ ಬರುವಂತಿಲ್ಲ. ಫೋನಿನಲ್ಲಿ ಹೆಂಡತಿಯ ಅಪ್ಪಣೆ, ಇಲ್ಲಿ ಮಗಳ ಜಾರಿ. ಏಸಿ ರಿಮೋಟನ್ನು ರಿಯಾ ಎಲ್ಲಿ ಬಚ್ಚಿಟ್ಟಿದ್ದಾಳೋ ಇವತ್ತಿಗೂ ಗೊತ್ತಿಲ್ಲ. ನಲವತ್ತನೆಯ ದಿನ ಲವೀನಾ ಮಗುವನ್ನು ಎತ್ತಿಕೊಂಡು ಹಿಮದಲ್ಲಿ ನಡೆದು ಇಗರ್ಜಿಗೆ ಹೋಗಿ ಪ್ರಾರ್ಥನೆ ಮಾಡಿಬಂದ ಫೋಟೋ ಬಂತು. ನನಗೆ ಇನ್ನೂ ಬಾಲ್ಕನಿಗೆ ಹೋಗಲು ಅನುಮತಿ ಸಿಕ್ಕಿರಲಿಲ್ಲ.