ಮಂಟಪ ರದ್ದು, ಅಭಿನಂದನೆ ಖಾಯಂ

ಮುಹೂರ್ತಗಳು ಬಂದರೆ ಊರಿಗೆಲ್ಲ ಸಂಭ್ರಮ, ನನಗೆ ಬೈಗುಳ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳಲ್ಲಿ ಕಲ್ಯಾಣ ಮಂಟಪ ಕಟ್ಟಿಸಿರುವ ಸಾವ್ಕಾರರೊಬ್ಬರ ಬುಕಿಂಗ್ ಸಾಫ್ಟ್‌ವೇರನ್ನು ಹಗರಿಬೊಮ್ಮನಹಳ್ಳಿಯಲ್ಲಿ ಕೂತು ನೋಡಿಕೊಳ್ಳುವವನು ನಾನು. ಯಾರೋ ಎಂದೋ ಜಾವಾದಲ್ಲಿ ಬರೆದಿಟ್ಟು ಹೋದದ್ದು. ಮಂಟಪಕ್ಕೊಂದು, ಅಡುಗೆಗೊಂದು, ಹೂವಿಗೊಂದು, ಮೆಸೇಜಿಗೊಂದು ಬೀನ್. ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ತುಣುಕು. ಎಲ್ಲದರ ಮೇಲೆ ಮನೆಯ ಹಿರಿಯನಂತೆ ಕಂಟೈನರ್. ಆ ಹಿರಿಯನ ದಯೆಯಿಂದ ನಾನಿನ್ನೂ ಬ್ರಹ್ಮಚಾರಿ.

ಒಲೆ ಹೊತ್ತದ ಮದುವೆ

ಹರಪನಹಳ್ಳಿಯಲ್ಲೊಂದು ಮದುವೆ. ದೀಪ ಹಾಕಿತ್ತು, ಬೀಗರು ಬಂದಿದ್ದರು, ಒಲೆ ಮಾತ್ರ ಹೊತ್ತಿರಲಿಲ್ಲ. ಅಡುಗೆಯ ಬೀನ್ 'ಅಡುಗೆಯವರು ಇಲ್ಲ' ಎಂದು ಎಕ್ಸೆಪ್ಶನ್, ಅಂದರೆ ತಕರಾರು, ಎಸೆದಿತ್ತು. ಮಂಟಪದ ಬೀನ್ ಅದನ್ನು ಹಿಡಿದು ನುಂಗಿಬಿಟ್ಟಿತ್ತು. ಇಂಥ ಸಾದಾ ಎಕ್ಸೆಪ್ಶನ್‌ಗೆಲ್ಲ ಕಂಟೈನರ್ ತಾನಾಗಿ ಏನನ್ನೂ ರದ್ದು ಮಾಡುವುದಿಲ್ಲ. ನಿಮ್ಮ ಜಗಳ ನೀವೇ ನೋಡಿಕೊಳ್ಳಿ ಎಂದು ಸುಮ್ಮನಿರುತ್ತದೆ. ಹೀಗಾಗಿ ಊಟವಿಲ್ಲದ ಮಂಟಪ ಖಾತ್ರಿಯಾಗಿತ್ತು.

ಇದನ್ನೆಲ್ಲ ವರನ ಸೋದರಮಾವನಿಗೆ ವಿವರಿಸಿದೆ. "ತಿಳೀತ್ರಿ. ಬೀಗರಿಗೂ ಒಂದೀಟು ಹಿಂಗ ಹೇಳ್ರಿ, ಉಂಡಷ್ಟು ಸಮಾಧಾನ ಆಗ್ತೈತಿ" ಎಂದರು.

ದಿಬ್ಬಣ ಎರಡು, ಬಾಗಿಲು ಒಂದು

ಸಾವ್ಕಾರರು ಕೂಗಾಡಿದರು. "ಇನ್ ಮ್ಯಾಲೆ ಏನೇ ಒಂದು ತಪ್ಪಿದ್ರೂ ಪೂರಾ ರದ್ದಾಗ್ಬೇಕು!"

"ಸಣ್ಣದಕ್ಕೂನಾರಿ?"

"ಸಣ್ಣದೇನು, ದೊಡ್ಡದೇನು, ಪೂರಾ!"

ಹಾಗೇ ಮಾಡಿದೆ. ಮುಂದಿನ ಸಲ ಹಡಗಲಿಯಲ್ಲಿ ಅಡುಗೆಯವರು ಸಿಗದಿದ್ದಾಗ ಮಂಟಪವೂ ನಿಯತ್ತಾಗಿ ರದ್ದಾಗಿ, ಬೇರೆಯವರ ಪಾಲಾಯಿತು. ಆದರೆ ಮೆಸೇಜಿನ ಬೀನ್‌ದು ಬೇರೆಯದೇ ಟ್ರಾನ್ಸಾಕ್ಷನ್, ಬೇರೆಯದೇ ಲೆಕ್ಕ. ಉಳಿದವರು ಹಿಂದೆ ಸರಿದರೂ ಅದು ಸರಿಯುವುದಿಲ್ಲ. 'ಮಂಟಪ ನಿಮ್ಮದು, ಅಭಿನಂದನೆಗಳು' ಎಂದು ಮೊದಲಿನವರಿಗೆ ಆಗಲೇ ಕಳಿಸಿತ್ತು. ಮದುವೆಯ ದಿನ ಎರಡು ದಿಬ್ಬಣ ಬಂದು ನಿಂತವು.

"ಎಲ್ಲಾ ಖಾತ್ರಿ ಆದಮ್ಯಾಲೆ ಮೆಸೇಜು ಕಳಸೋಣ್ರಿ" ಎಂದೆ.

"ಬ್ಯಾಡ. ಏನರ ರದ್ದಾಗ್ಲಿ, ನಮ್ಮ ಅಭಿನಂದನಿ ಮುಟ್ಟಬೇಕು. ವ್ಯಾಪಾರ ಅಂದ್ರ ಅದು" ಎಂದರು ಸಾವ್ಕಾರರು. ಇಂಥವರ ಉಪ್ಪು ತಿನ್ನುವ ನನ್ನ ಹಣೆಬರಹಕ್ಕೆ ಏನನ್ನಲಿ!

ಮಲ್ಲಿಗೆ

ನನಗೂ ಹೆಣ್ಣು ಗೊತ್ತಾಯಿತು, ಕೂಡ್ಲಿಗಿಯವಳು. ಇಬ್ಬರಿಗೂ ಮನಸ್ಸು ಕೂಡಿತ್ತು. ಅವಳಪ್ಪನದು ಒಂದೇ ಮಾತು: "ಕೊಟ್ಟೂರಿನ ಮಂಟಪ ಹಿಡೀರಿ ಅಳಿಯಾರ. ನಿಮ್ಮ ಕೈಯಾಗ ಐತಲ್ಲ."

ಬುಕಿಂಗ್ ಒತ್ತಿದೆ. ಮಂಟಪ ಸಿಕ್ಕಿತು, ಅಡುಗೆಯವರು ಸಿಕ್ಕರು. ಹೂವಿನ ಬೀನ್ 'ಮಲ್ಲಿಗೆ ಇಲ್ಲ' ಎಂದಿತು. ಹೂವಿನಹಡಗಲಿಯನ್ನು ಮಗ್ಗುಲಲ್ಲಿ ಇಟ್ಟುಕೊಂಡು ಮಲ್ಲಿಗೆ ಇಲ್ಲವಂತೆ! ಸಾವ್ಕಾರರ ಆಜ್ಞೆಯಂತೆ ಪೂರಾ ರದ್ದು. ಹೂವನ್ನು ಬಿಟ್ಟು ಮತ್ತೆ ಒತ್ತುವಷ್ಟರಲ್ಲಿ ಸಾವ್ಕಾರರ ಹಡಗಲಿ ಕಚೇರಿಯವರು ಅದೇ ಸಾಫ್ಟ್‌ವೇರಿನಲ್ಲಿ ಕೊಟ್ಟೂರಿನ ಆ ಮಂಟಪವನ್ನು ಹೊಳಲು ಊರಿನವರಿಗೆ ಕೊಟ್ಟಾಗಿತ್ತು. ಅಭಿನಂದನೆ ಮಾತ್ರ ನನಗೂ ಮಾವನವರಿಗೂ ಮುಟ್ಟಿತ್ತು. ಅದನ್ನು ನಂಬಿ ಅವರು ಬಂಧು ಬಳಗಕ್ಕೆಲ್ಲ ಸಾರಿದ್ದರು.

ನಿಜ ತಿಳಿದು ಕಚೇರಿಗೇ ಬಂದರು. "ಮಲ್ಲಿಗಿ ಇಲ್ಲಂತ ಮಂಟಪ ಬಿಟ್ಟವ, ನಾಳಿ ಸಾರಿಗೆ ಉಪ್ಪಿಲ್ಲಂತ ನನ್ನ ಮಗಳನ್ನ ಬಿಡಂಗಿಲ್ಲೇನು?" ಎಂದು ಎದ್ದು ಹೋದರು. ಆಮೇಲೆ ಅವಳೂ ಫೋನು ಎತ್ತಲಿಲ್ಲ. ಸಾವ್ಕಾರರು ಬೆನ್ನು ತಟ್ಟಿ, "ಹೋಗ್ಲಿ ಬಿಡು ತಮ್ಮಾ, ಅಭಿನಂದನಿ ಅಂತೂ ಮುಟ್ಟೈತಲ್ಲ" ಎಂದರು.

ಮೆಸೇಜಿನ ಬೀನ್ ತನ್ನ ಮಟ್ಟಿಗೆ ನನ್ನ ಮದುವೆ ಮುಗಿಸಿಬಿಟ್ಟಿದೆ. ಮೊನ್ನೆ ಫೋನು ಕುಂಯ್ ಎಂದಿತು: 'ದಂಪತಿಗಳಿಗೆ ಮೊದಲ ವರ್ಷದ ಶುಭಾಶಯಗಳು. ತೊಟ್ಟಿಲ ಕಾರ್ಯಕ್ಕೂ ನಮ್ಮ ಮಂಟಪವೇ ಇರಲಿ.'