ಕುಮುದಾಳ ಬಾವಿಗಳೂ ನನ್ನ ಅಪ್‌ಗ್ರೇಡೂ

ಹೆಂಡತಿಯ ಲ್ಯಾಪ್‌ಟಾಪನ್ನು ಒಂದೇ ಭಾನುವಾರದಲ್ಲಿ ಕುದುರೆಯಂತೆ ಓಡಿಸಿ ತೋರಿಸುತ್ತೇನೆಂದು ನಾನು ಪಣ ತೊಟ್ಟೆ. ಅದು ಆಗಲೇ ಚೆನ್ನಾಗಿ ಓಡುತ್ತಿತ್ತು ಎಂದು ಯಾರಾದರೂ ಹೇಳಿದ್ದರೂ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಹಿಂದಿನ ದಿನವಷ್ಟೇ ಯಾರೋ ಪುಣ್ಯಾತ್ಮನ ಹನ್ನೆರಡು ನಿಮಿಷದ ವಿಡಿಯೋ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಪಂಡಿತನಾಗಿದ್ದೆ!

ನನ್ನ ಹೆಂಡತಿ ಕುಮುದಾ ನಲವತ್ತಾರನೇ ವಯಸ್ಸಿನಲ್ಲಿ ತಾರ್ನಾಕದ ವಿಶ್ವವಿದ್ಯಾಲಯಕ್ಕೆ ಮತ್ತೆ ಓದಲು ಸೇರಿದವಳು. ಅವಳ ವಿಷಯ, ಹೈದರಾಬಾದಿನ ಹಳೆಯ ಬಾವಿಗಳು. ಎರಡು ವರ್ಷ ಬಿಸಿಲಲ್ಲಿ ಅಲೆದು ಅರವತ್ತೆರಡು ಬಾವಿಗಳನ್ನು ಹುಡುಕಿದ್ದಳು. ಸ್ಕೂಟರ್ ಓಡಿಸಿದವನು ನಾನು. ಅವುಗಳ ನಕ್ಷೆಯನ್ನು ಅವಳ ಲ್ಯಾಪ್‌ಟಾಪಿನ ಪೈಥಾನ್ ಪ್ರೋಗ್ರಾಂ ಬರೆಯುತ್ತಿತ್ತು. ಸೋಮವಾರ ಹತ್ತು ಗಂಟೆಗೆ ಅದನ್ನು ಪರೀಕ್ಷಕರ ಮುಂದೆ ತೋರಿಸಬೇಕಿತ್ತು.

ಭಾನುವಾರ ಬೆಳಿಗ್ಗೆ ಅಕ್ಕನನ್ನು ರೈಲು ಹತ್ತಿಸಲು ಅವಳು ನಾಂಪಲ್ಲಿಗೆ ಹೊರಟಳು. ಬಾಗಿಲಲ್ಲಿ ನಿಂತು, "ಲ್ಯಾಪ್‌ಟಾಪ್ ಚಾರ್ಜಿಗೆ ಇಟ್ಟೀನ್ರಿ, ಮುಟ್ಟಬ್ಯಾಡ್ರಿ" ಎಂದಳು. ಆಗಲಿ ಎಂದೆ. ಮುಟ್ಟುವುದು ಬೇರೆ, ಉದ್ಧಾರ ಮಾಡುವುದು ಬೇರೆ ಎಂಬುದು ನನ್ನ ಸಿದ್ಧಾಂತ.

ಇಲ್ಲಿ ಸ್ವಲ್ಪ ವಿದ್ಯೆ ಹೇಳಬೇಕು. ನಕ್ಷೆಯಂಥ ಭಾರಿ ಕೆಲಸವನ್ನು ಪೈಥಾನ್ ಒಂದೇ ಮಾಡಲಾರದು. ಬೇರೆ ಭಾಷೆಯಲ್ಲಿ ಬರೆದು, ಮೊದಲೇ ಕಂಪೈಲ್ ಮಾಡಿ, ಎಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ಗಟ್ಟಿಗೊಳಿಸಿದ ಪ್ಯಾಕೇಜುಗಳ ನೆರವು ಅದಕ್ಕೆ ಬೇಕು. ಆ ಪ್ಯಾಕೇಜುಗಳು ಒಂದರ ಅಳತೆಗೆ ಇನ್ನೊಂದು ಕೂಡಬೇಕು. ಕುಮುದಾಳದನ್ನೆಲ್ಲ ಕೊಂಡಾ ಎಂಬ ಮ್ಯಾನೇಜರು ಅಳತೆ ನೋಡಿ ಜೋಡಿಸಿತ್ತು. ವಿಡಿಯೋದ ಪುಣ್ಯಾತ್ಮ ಬಳಸಿದ್ದು ಪಿಪ್ ಎಂಬ ಇನ್ನೊಂದು ಮ್ಯಾನೇಜರನ್ನು. ಎರಡೂ ತಮ್ಮ ಪಾಡಿಗೆ ಒಳ್ಳೆಯವೇ. ಒಂದು ಕಟ್ಟಿದ ಕಡೆ ಇನ್ನೊಂದನ್ನು ನುಗ್ಗಿಸಿದ ಪಾಪ ನನ್ನದು.

ಎಲ್ಲವನ್ನೂ ಹೊಸದು ಮಾಡೆಂದು ಪಿಪ್‌ಗೆ ಅಪ್ಪಣೆ ಕೊಟ್ಟೆ. ಅದು ಅಂಕಿಗಳನ್ನು ನೋಡಿಕೊಳ್ಳುವ ಪ್ಯಾಕೇಜನ್ನು ಕಿತ್ತು, ಅದೇ ಹೆಸರಿನ ಹೊಸದನ್ನು ಕೂರಿಸಿತು. ನಕ್ಷೆ ಬರೆಯಲು ಹೇಳಿದರೆ ಬಾವಿಯ ಬದಲು ಪರದೆಯ ತುಂಬ ಕೆಂಪು ಸಾಲುಗಳು! ಹಳೆಯ ಅಳತೆಗೆ ಕಂಪೈಲ್ ಆಗಿದ್ದ ನಕ್ಷೆಯ ಪ್ಯಾಕೇಜಿಗೆ ಈ ಹೊಸದು ಕೂಡಲಿಲ್ಲ. ಸರಿಪಡಿಸಲು ಕೊಂಡಾವನ್ನು ಕರೆದೆ. ತನ್ನ ಮನೆಯಲ್ಲಿ ಯಾರೋ ಸಾಮಾನು ಬದಲಿಸಿರುವುದನ್ನು ಕಂಡು ಅದು ದಿಕ್ಕು ತಪ್ಪಿತು. ಪರಿಹಾರ ಹುಡುಕುತ್ತಿದ್ದೇನೆಂದು ಹೇಳಿ, ಒಂದು ಪುಟ್ಟ ಗೆರೆಯನ್ನು ಗಿರಗಿರನೆ ತಿರುಗಿಸುತ್ತ ಕುಳಿತಿತು.

ನಾನೂ ಕುಳಿತೆ. ಹೊರಗೆ ಬೇವಿನ ಮರದಲ್ಲಿ ಗಾಳಿ ಮೆಲ್ಲಗೆ ಆಡುತ್ತಿತ್ತು. ಗೆರೆ ತಿರುಗಿದಂತೆ ನನ್ನ ಕಣ್ಣುಗಳೂ ತಿರುಗಿ ಮುಚ್ಚಿಕೊಂಡವು. ಅರವತ್ತೆರಡು ಬಾವಿಗಳೂ ಒಮ್ಮೆಗೇ ತುಂಬಿ, ಹಿಮಾಯತ್‌ನಗರದ ರಸ್ತೆಯಲ್ಲಿ ತಿಳಿನೀರು ಸದ್ದಿಲ್ಲದೆ ಹರಿಯುತ್ತಿತ್ತು. ನಾನು ಸ್ಕೂಟರನ್ನು ದೋಣಿಯಂತೆ ತೇಲಿಸುತ್ತಿದ್ದೆ. ಹಿಂದೆ ಕುಳಿತ ಕುಮುದಾ ನೀರಲ್ಲಿ ಕಾಲು ಬಿಟ್ಟು, ಇದೆಲ್ಲ ನಮ್ಮ ಯಜಮಾನರ ಅಪ್‌ಗ್ರೇಡಿನ ಫಲವೆಂದು ಅಂಗಡಿಯವರಿಗೆ ಹೇಳುತ್ತಿದ್ದಳು.

ಎಚ್ಚರವಾದಾಗ ಕೊಂಡಾ ಕೈಚೆಲ್ಲಿತ್ತು. ಬುಡವನ್ನೇ ಬದಲಿಸಿದರೆ ತಕರಾರೇ ಇರದೆಂದು ಪೈಥಾನನ್ನೇ ಕಿತ್ತೆಸೆದೆ. ನಾನು ಕಿತ್ತದ್ದು ಕುಮುದಾಳ ಪೈಥಾನ್ ಅಲ್ಲ, ಲ್ಯಾಪ್‌ಟಾಪು ತನ್ನ ಸ್ವಂತ ಕೆಲಸಕ್ಕೆ ಇಟ್ಟುಕೊಂಡಿದ್ದ ಪೈಥಾನ್. ಚಿತ್ರಗಳು ಹೋದವು, ಕಿಟಕಿಗಳು ಹೋದವು. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಬಿಳಿ ಚುಕ್ಕಿ ಮಾತ್ರ ಕಣ್ಣು ಮಿಟುಕಿಸುತ್ತಿತ್ತು.

ಅಷ್ಟರಲ್ಲಿ ಕುಮುದಾ ಬಂದಳು.

"ಏನ್ ಮಾಡೀರಿ?"

"ಸುಧಾರಣಾ ಮಾಡಾಕ ಹೋಗಿದ್ದೆ."

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ದಿವಾನದ ಅಂಚಿಗೆ ಕುಳಿತು, "ಎರಡು ವರ್ಷ ಆತ್ರಿ. ನಾಳೆ ಹತ್ತಕ್ಕ ಐತಿ" ಎಂದಷ್ಟೇ ಹೇಳಿ ಕಿಟಕಿಯತ್ತ ಮುಖ ತಿರುಗಿಸಿದಳು. ಭಾನುವಾರ ರಿಪೇರಿ ಮಾಡುವವರು ಯಾರೂ ಸಿಗುವಂತಿರಲಿಲ್ಲ. ಅಷ್ಟು ಸಣ್ಣವನಾಗಿ ನಾನೆಂದೂ ನಿಂತಿರಲಿಲ್ಲ.

ಉಳಿದದ್ದು ಅವಳ ಟಿಪ್ಪಣಿಯ ಡೈರಿ. ನಾನೋ, ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದವನು. ಅಟ್ಟದಿಂದ ಡ್ರಾಯಿಂಗ್ ಹಾಳೆ ಇಳಿಸಿ, ಧೂಳು ಕೊಡವಿ, ನೆಲದ ಮೇಲೆ ಹಾಸಿದೆ. ಅವಳು ಡೈರಿ ತೆರೆದು ಎದುರು ಕುಳಿತಳು. ಅವಳು ಹೇಳಿದಳು, ನಾನು ಬರೆದೆ. ಕೆಲವಕ್ಕೆ ಡೈರಿಯೇ ಬೇಕಾಗಲಿಲ್ಲ. ಕಣ್ಣು ಮುಚ್ಚಿಯೇ ಹೇಳಿದಳು. ಹಳೆಯ ಮುದ್ರಣದ ಪ್ರೆಸ್ಸೊಂದರ ಹಿಂದಿನ ಬಾವಿ, ಮೆಟ್ಟಿಲ ಮೇಲೆ ಆಮೆ ಕೂತಿದ್ದದ್ದು, ಗಂಗೂಬಾಯಿ ಎಂಬ ಮುದುಕಿ ಇಂದಿಗೂ ದೀಪವಿಡುವುದು. ನೀಲಿ ಶಾಯಿಯ ಒಂದೊಂದು ವೃತ್ತ ಮುಗಿದಾಗಲೂ ಕೋಣೆ ಒಂದಿಷ್ಟು ತಂಪಾದಂತೆ ನನಗನಿಸಿತು. ದೀಪ ಹಚ್ಚುವ ಹೊತ್ತಿಗೆ ಅರವತ್ತೆರಡೂ ಹಾಳೆಯ ಮೇಲಿದ್ದವು. ಅವಳೇ ಹೋಗಿ ಇಬ್ಬರಿಗೂ ಚಹಾ ಮಾಡಿ ತಂದಳು.

ಸೋಮವಾರ ನಕ್ಷೆಯ ಸುರುಳಿ ಹೊತ್ತು ನಾನೂ ಹೋದೆ. ಕುಮುದಾ ಒಂದು ಗಂಟೆ ನಿಂತು ಮಾತಾಡಿದಳು. ಪರೀಕ್ಷಕರು ಕುರ್ಚಿ ಬಿಟ್ಟೆದ್ದು ನಕ್ಷೆಯ ಮೇಲೆ ಬಗ್ಗಿದರು. ಅವಳ ಗೈಡ್ ಕಮಲಾಕ್ಷಿ ಮೇಡಂ ನಮ್ಮ ಕಲಬುರಗಿ ಕಡೆಯವರು. ಕನ್ನಡಕ ಏರಿಸಿ, ಗೆರೆಗಳನ್ನೇ ನೋಡುತ್ತ, ಇಷ್ಟು ಚೆಂದದ ನಕ್ಷೆ ಯಾವ ಸಾಫ್ಟ್‌ವೇರಿನದೆಂದು ಕೇಳಿದರು.

ನಾನು ಎದೆಯುಬ್ಬಿಸಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕುಮುದಾ ನನ್ನತ್ತ ಕೈ ತೋರಿಸಿದಳು.

"ನರಹರಿ ಅಂತ್ರಿ ಮೇಡಂ. ಹಳೇ ವರ್ಷನ್. ಎದುರಿಗೆ ಕುಂತ್ರ ಭಾಳ ಚೊಲೊ ನಡೀತೈತಿ. ಒಂದs ಬಿಟ್ಟು ಹೋದ್ರ ತಾನs ಅಪ್‌ಡೇಟ್ ಆಗಾಕ ಹೋಗತೈತ್ರಿ."