ಸುಸಲಾ-ಮಿರ್ಚಿ ಅಜ್ಜಿಯೂ ನನ್ನ ಹೊಸ ಲೋಕಗಳೂ

ಹೊಸದು ಎಲ್ಲರಿಗೂ ಬೇಕು, ಅದು ಹಳೆಯದರ ಹಾಗೆಯೇ ಇದ್ದರೆ ಮಾತ್ರ. ಈ ಮಾತು ಯಾವ ಜ್ಞಾನಿಯದು ಎಂದು ಹುಡುಕಲು ಹೋಗಬೇಡಿ, ನನ್ನದೇ. ಭಾನುವಾರಕ್ಕೊಮ್ಮೆ ತಲೆ ಚಚ್ಚಿಕೊಂಡು ಕಲಿತದ್ದು.

ನಾನು ವನದುರ್ಗದವ. ಕೋಟೆಯ ಊರಿನವರಿಗೆ ಹುಟ್ಟಿದಾಗಿನಿಂದಲೇ ತಲೆ ಸ್ವಲ್ಪ ಎತ್ತರ, ಅದಕ್ಕೆ ನಾನೇನೂ ಮಾಡಲಾರೆ. ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಹೈದರಾಬಾದಿನಲ್ಲಿ ಕೆಲಸಕ್ಕಿದ್ದಾಗ ರೂಮಿನ ಗೆಳೆಯರಿಂದ ಒಂದು ಆಟ ಕಲಿತು ಬಂದೆ. ಮೇಜಿನ ಸುತ್ತ ಕೂತು ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ. “ಗವಿ ಬಾಗಲಾಗ ನಿಂತೀದಿ, ಏನು ಮಾಡ್ತಿ?” ಎಂದು ಇವನು ಕೇಳಬೇಕು, ಅವರು ಹೇಳಬೇಕು. ಹೇಳಿದ್ದು ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ಒಂದು ಬಿದ್ದರೆ ಮಣ್ಣು, ಇಪ್ಪತ್ತು ಬಿದ್ದರೆ ಬಂಗಾರ.

ಕತೆ ನಡೆಸುವವನಿಗೆ ನಾವು ನಮ್ಮ ಸೀಮೆಯ ಬಯಲಾಟವಾದ ದೊಡ್ಡಾಟದ ಹೆಸರನ್ನೇ ಇಟ್ಟೆವು: ಸಾರಥಿ. ಅಲ್ಲಿ ರಂಗಕ್ಕೆ ಬಂದ ಪ್ರತಿ ಪಾತ್ರವೂ ತಾನು ಯಾರೆಂದು ಮೊದಲು ಸಾರಿ ಹೇಳುವುದು ಅವನ ಮುಂದೆಯೇ. ಸುರಪುರದಿಂದ ಯಾದಗಿರಿಯವರೆಗೆ ಜಾಲಾಡಿದರೂ ನನ್ನಂಥ ಸಾರಥಿ ಇನ್ನೊಬ್ಬ ಸಿಗುವುದಿಲ್ಲ. ಅಲ್ಲಿ ಬೇರೆ ಯಾರೂ ಈ ಆಟ ಆಡುವುದೇ ಇಲ್ಲವಲ್ಲ ಎಂದು ನಮ್ಮ ಕ್ಲಾರ್ಕ್ ಅಕ್ಕ ಹೇಳುತ್ತಾಳೆ. ಅದು ಹೊಟ್ಟೆಕಿಚ್ಚಿನ ಮಾತು.

ಆಡುವವರು ಮೂವರು. ಒಬ್ಬಳು ಕ್ಯಾಂಪಿನ ಆಫೀಸಿನಲ್ಲಿ ಕೆಲಸ ಮಾಡುವ ಈ ಅಕ್ಕ, ಒಬ್ಬರು ಪ್ರೈಮರಿ ಸಾಲೆಯ ಮಾಸ್ತರರು, ಇನ್ನೊಬ್ಬ ಕಾಲುವೆಯ ಗೇಟು ಎತ್ತಿ ಇಳಿಸುವ ಕಾಕಾ. ಭಾನುವಾರ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದು ಕೂಡುತ್ತೇವೆ. ಪ್ರತಿ ವಾರ ಯಾರೂ ಕಾಣದ ಒಂದು ಹೊಸ ಲೋಕ ಕಟ್ಟಿಕೊಡುವುದು ನನ್ನ ಪಣ. ಅದನ್ನು ಹಾಳುಮಾಡುವುದು ಅವರ ಪಣ. ಆದರೆ ಈ ಮೂವರೂ ಎದ್ದುಹೋದರೆ ನಾನು ಝೆರಾಕ್ಸ್ ಮಷೀನಿಗೆ ಸಾರಥಿಯಾಗಬೇಕಾಗುತ್ತದೆ. ಅದಕ್ಕೇ ಎಲ್ಲ ಸಹಿಸಿಕೊಂಡೆ.

ಕಾಕಾನ ಪ್ರವೇಶ

ಕಾಕಾನಿಗೆ ಕಳ್ಳನ ಪಾತ್ರ ಕೊಟ್ಟಿದ್ದೆ. ಅರಮನೆಯ ಗೋಡೆ ಹಾರಿ, ಉಸಿರು ಬಿಗಿಹಿಡಿದು, ಬೆಕ್ಕಿನಂತೆ ಒಳಗೆ ನುಗ್ಗಬೇಕು.

“ಕಾಕಾ, ಕಾವಲುಗಾರಗ ಏನೋ ಸಪ್ಪಳ ಕೇಳ್ತು. ‘ಯಾರದು?’ ಅಂದ. ಏನು ಮಾಡ್ತಿ?”

ಕಾಕಾ ಎದ್ದು ನಿಂತ. ಟವೆಲ್ ಹೆಗಲಿಗೆ ಹಾಕಿದ. ಮೂರು ಓಣಿಗೆ ಕೇಳುವಂತೆ ಕಾಲು ಅಪ್ಪಳಿಸಿದ. “ಎಲೈ ಸಾರಥಿ! ನಾವು ಯಾರೆಂದು ಕೇಳುವೆಯಾ?”

“ಕಾಕಾ, ನೀ ಕಳ್ಳ ಇದ್ದೀದಿ. ಗಪ್ಪನ ಬರಬೇಕು!”

“ಕಳ್ಳಗ ಮಾನ ಇಲ್ಲೇನೋ? ಪ್ರವೇಶ ಇಲ್ಲದ ಪಾತ್ರ ಅಂದ್ರ ತಾಳ ಇಲ್ಲದ ಭಜನಿ.”

ಹರೆಯದಲ್ಲಿ ದೊಡ್ಡಾಟ ಕುಣಿದವನು, ಬಿಡುತ್ತಾನೆಯೇ? ತಂದೆಯ ಹೆಸರು, ಕುಲದ ಕೀರ್ತಿ, ಹಿಂದೆ ಕದ್ದ ಊರುಗಳ ಹೆಸರು ಎಲ್ಲವನ್ನೂ ಸಾರಿ ಹೇಳಿದ. ಮಾಸ್ತರರು ಮೇಜಿನ ಮೇಲೆ ತಾಳ ಹಾಕಿದರು. ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವರು ಬಂದು ಶಟರಿನ ಕೆಳಗೆ ಬಗ್ಗಿ ನೋಡಿದರು. ಇಷ್ಟಾದ ಮೇಲೆ ಕಾವಲುಗಾರ ಏನು ಮಾಡಬೇಕು? ಕೈ ಮುಗಿದ.

ಅಂದಿನಿಂದ ಯಾವ ಲೋಕಕ್ಕೆ ಹೋದರೂ ಮೊದಲು ಕಾಕಾನ ಪ್ರವೇಶ ಆಗಲೇಬೇಕು. ಒಮ್ಮೆ ಸಿಟ್ಟಿಗೆದ್ದು ಅವನನ್ನು ಸಮುದ್ರದಲ್ಲಿ ಮುಳುಗಿಸಿದೆ. “ಮುಗೀತು ಕಾಕಾ, ನೀ ಸತ್ತಿ” ಎಂದೆ.

“ಹಂಗ ಹೆಂಗ ಸಾಯ್ತೀನಿ? ನಿರ್ಗಮನದ ಪದ ಬಾಕಿ ಅದ, ತಡಿ” ಎಂದು ಮತ್ತೆ ಟವೆಲ್ ಎತ್ತಿಕೊಂಡ.

ಮ್ಯಾಲಿನವರೋ, ತುದಿಯವರೋ?

ಒಂದು ವಾರ ಕೂತು ಒಂದು ದ್ವೀಪದ ನಕಾಶೆ ಬರೆದೆ. ಬಂಗಾರದ ಗವಿ, ಮಾತಾಡುವ ಮರಗಳು, ಬೆಟ್ಟದ ಮೇಲೆ ಏಳು ತಲೆಯ ರಾಕ್ಷಸ. ಶಹಾಪುರಕ್ಕೆ ಹೋಗಿ ಬಣ್ಣದಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದು ಮೇಜಿನ ಮೇಲೆ ಹರವಿದೆ. ನಾನೇ ಹೇಳಬಾರದು, ಹೇಳುತ್ತೇನೆ: ಭಾರಿ ಇತ್ತು.

ಮಾಸ್ತರರು ಚಸ್ಮಾ ಏರಿಸಿದರು. “ನಡುವ ಹೋಗೂ ಈ ನೀಲಿ ಗೆರಿ ಏನು?”

“ಹೊಳಿ ಅದು, ಮಾಸ್ತರ್ರ. ಆದ್ರ ಇಲ್ಲಿ ನೋಡ್ರಿ, ಬಂಗಾರದ...”

“ನಾವು ಇಳದದ್ದು ಎಲ್ಲಿ?”

“ಇಲ್ಲಿ ಕೆಳಗ, ಸಮುದ್ರದ ದಂಡಿಗೆ.”

“ಅಂದ್ರ ನಾವು ತುದಿಯವರು” ಎಂದರು ಮಾಸ್ತರರು. ಮೂವರ ಮುಖವೂ ಬಾಡಿತು.

ಕಾಲುವೆ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮ್ಯಾಲಿನವರು ಭತ್ತ ನಾಟುತ್ತಾರೆ, ತುದಿಯವರು ಒಣಗಿದ ಕಾಲುವೆಯಲ್ಲಿ ಇಣುಕುತ್ತಾರೆ. ಹೆಣ್ಣು ಕೊಡುವವರೂ ಹುಡುಗನ ಮೂಗು ನೋಡುವುದಕ್ಕಿಂತ ಮೊದಲು ಹೊಲ ಕಾಲುವೆಯ ಯಾವ ಕಡೆಗಿದೆ ಎಂದು ಕೇಳುತ್ತಾರೆ.

“ಬಂಗಾರ ಅದ್ರಿ ಅಲ್ಲಿ, ಬಂಗಾರ!” ಎಂದು ಕೂಗಿದೆ.

“ಬಂಗಾರ ಎಲ್ಲಿ ಓಡಿ ಹೋಗ್ತದ? ಮೊದಲು ನೀರಿನ ಜಗಳ ನಿಕಾಲಿ ಆಗ್ಲಿ” ಎಂದಳು ಅಕ್ಕ.

ಹೊಳೆಯ ದಂಡೆ ಹಿಡಿದು ಮೇಲೆ ಹತ್ತಿ ಸೀದಾ ರಾಕ್ಷಸನ ಮುಂದೆ ನಿಂತರು. ಏಳು ತಲೆಗೂ ಏಳು ದನಿ ತೆಗೆದು ಗಂಟಲು ಹರಿದುಕೊಂಡೆ. ಬೆಂಕಿ ಉಗುಳಿಸಿದೆ. ಅಕ್ಕ ಆಕಳಿಸಿ, “ಏಳು ತಲಿ ಅದಾವಂದ್ರ ವಾರಕ್ಕ ಸರಿ ಹೋತು. ದಿನಕ್ಕೊಂದು ತಲಿ ಹೊಳಿ ನೀರಿನ ಗೇಟ್ ಕಾಯಲಿ. ಮ್ಯಾಲಿನವರು ಗೇಟ್ ಮುಟ್ಟಿದ್ರ ಸುಡಲಿ” ಎಂದು ದಾಳ ಎಸೆದಳು. ಹತ್ತೊಂಬತ್ತು ಬಿತ್ತು. ನನ್ನ ಏಳು ತಲೆಯ ರಾಕ್ಷಸ ಡ್ಯೂಟಿಗೆ ಹತ್ತಿದ.

ಬಂಗಾರದ ಗವಿಯ ಬಾಗಿಲು ಇಂದಿಗೂ ಯಾರೂ ತೆರೆದಿಲ್ಲ. ಕಾಕಾ ಮಾತ್ರ ಮನೆಗೆ ಹೋಗುವಾಗ ನಿಟ್ಟುಸಿರು ಬಿಟ್ಟ: “ನೋಡಪಾ, ರಾಕ್ಷಸನ ತಲಿಗೂ ವಾರಕ್ಕ ಆರು ದಿನ ಸೂಟಿ. ನನಗ ಇರೂದು ಒಂದೇ ತಲಿ.”

ಚಂದ್ರನ ಮೇಲೆ ಮಿರ್ಚಿ

ಇನ್ನು ಅಜ್ಜಿಯ ವಿಷಯ. ಅವಳೇ ನನ್ನ ಶನಿ.

ಮೊಟ್ಟಮೊದಲ ಆಟದಲ್ಲಿ ಯುದ್ಧ ಮುಗಿಸಿ, “ಇಲ್ಲಿ ತಿನ್ನಾಕ ಏನಾರ ಸಿಗ್ತದೇನು?” ಎಂದು ಕಾಕಾ ಕೇಳಿದ. ಬಾಯಿಗೆ ಬಂದದ್ದು ಹೇಳಿದೆ: ತಿಂಥಣಿ ಕಡೆಯ ಒಬ್ಬಳು ಅಜ್ಜಿ, ಬೇವಿನ ಮರದ ಕೆಳಗೆ ಸುಸಲಾ-ಮಿರ್ಚಿ, ಎಂದರೆ ಒಗ್ಗರಣೆ ಹಾಕಿದ ಮಂಡಕ್ಕಿ ಮತ್ತು ಮೆಣಸಿನಕಾಯಿ ಭಜಿ ಮಾರುತ್ತಾಳೆ, ಗಿರಾಕಿಗಳನ್ನು ಬಯ್ಯುತ್ತಾಳೆ, ಪ್ಲೇಟು ಕುಕ್ಕಿ “ತಿಂದು ಸಾಯ್ರಿ” ಎನ್ನುತ್ತಾಳೆ. ಅಷ್ಟೇ. ವಾರಗಟ್ಟಲೆ ಕಷ್ಟಪಟ್ಟು ಹುಟ್ಟಿಸಿದ ರಾಜರ ಹೆಸರು ಒಬ್ಬರಿಗೂ ನೆನಪಿಲ್ಲ, ಒಂದು ಉಸಿರಿನಲ್ಲಿ ಹುಟ್ಟಿಸಿದ ಅಜ್ಜಿಗೆ ಮೂವರೂ ಮೊಮ್ಮಕ್ಕಳಾದರು. ಮುಂದೆ ಯಾವ ಲೋಕದಲ್ಲಿ ಇಳಿದರೂ ಮೊದಲ ಪ್ರಶ್ನೆ, “ಅಜ್ಜಿ ಎಲ್ಲಿ?”

ಬೇಸತ್ತು ಚಂದ್ರಲೋಕಕ್ಕೆ ಕರೆದೊಯ್ದೆ.

“ಅಜ್ಜಿ ಎಲ್ಲಿ?” ಎಂದಳು ಅಕ್ಕ.

“ಅಕ್ಕಾ, ಚಂದ್ರನ ಮ್ಯಾಲೆ ಗಾಳಿನ ಇಲ್ಲ.”

“ಛಲೋ ಆತು. ಒಲಿ ಹೊಗಿ ಆಕಿ ಕಣ್ಣಿಗೆ ಬಡಿಯಂಗಿಲ್ಲ.”

ಮಾಸ್ತರರು ವಿಜ್ಞಾನ ಕಲಿಸುವವರು. ನನ್ನ ಕಡೆಗೇ ನಿಂತರು. “ಹಂಗಲ್ಲಮ್ಮ, ಗಾಳಿ ಇಲ್ಲಂದ್ರ ಬೆಂಕಿ ಹತ್ತಂಗಿಲ್ಲ.” ಗೆದ್ದೆ ಎಂದು ಎದೆ ಉಬ್ಬಿಸಿದೆ. ಅವರು ತುಸು ವಿಚಾರ ಮಾಡಿ ಮುಂದುವರಿಸಿದರು: “ಅದಕ್ಕ ಆಕಿ ಮನಿಯಾಗ ಮಿರ್ಚಿ ಕರದು ಡಬ್ಬಿ ಕಟಗೊಂಡು ಬಂದಿರ್ತಾಳ.”

ಅಜ್ಜಿಯ ಮಣ್ಣು

ಕಡೆಗೆ ನಿರ್ಧಾರ ಮಾಡಿದೆ. ಮುಂದಿನ ಭಾನುವಾರ ಆಟ ಶುರುವಾಗುತ್ತಲೇ ಹೇಳಿಬಿಟ್ಟೆ: “ಬಿರುಗಾಳಿ ಎದ್ದದ. ಬೇವಿನ ಮರ ಬಿತ್ತು. ಅಜ್ಜಿ ಹೋದ್ಲು. ನಡೀರಿ, ಅತ್ತಾಗ ಒಂದು ಹೊಸಾ ರಾಜ್ಯ ಕಾಣಾಕತ್ತದ.”

ಯಾರೂ ಆ ರಾಜ್ಯದ ಕಡೆ ತಿರುಗಲಿಲ್ಲ. ಕಾಕಾ ಕೈಯಲ್ಲಿದ್ದ ದಾಳ ಮೆಲ್ಲಗೆ ಕೆಳಗಿಟ್ಟ. ಅಕ್ಕ ಸೆರಗು ತಲೆಗೆ ಎಳೆದುಕೊಂಡಳು. ಮಾಸ್ತರರು ಗಂಟಲು ಸರಿಮಾಡಿಕೊಂಡು ಕೇಳಿದರು: “ಮಣ್ಣು ಎಷ್ಟೊತ್ತಿಗೆ?”

ಆ ಮಧ್ಯಾಹ್ನವಿಡೀ ಅಂತ್ಯಕ್ರಿಯೆ. ಹೆಗಲು ಕೊಡುವವರು ಯಾರು, ತಿಂಥಣಿಗೆ ಸುದ್ದಿ ಮುಟ್ಟಿತೋ ಇಲ್ಲವೋ, ಮಗಳು ಬರುವತನಕ ಕಾಯಬೇಕೋ ಬೇಡವೋ. “ಮಗಳು ಇದ್ದಾಳಿಲ್ಲೋ ನೀನ ಹೇಳು, ಹುಟ್ಟಿಸಿದವ ನೀನ ಅಲ್ಲ?” ಎಂದು ಅಕ್ಕ ನನ್ನನ್ನೇ ದಬಾಯಿಸಿದಳು. ಕಾಕಾ ಭಜನೆ ಹಾಡಿದ. ಹೊಸ ರಾಜ್ಯಕ್ಕೆಂದು ನಾನು ಕಟ್ಟಿ ತಂದಿದ್ದ ರಾಜಕುಮಾರಿ ಅರಮನೆಯ ಬಾಗಿಲಲ್ಲೇ ನಿಂತು ನಿಂತು ಕಾಲು ನೋಯಿಸಿಕೊಂಡಳು.

ಮುಂದಿನ ಭಾನುವಾರ ದಾಳ ಹಿಡಿದು ಕೂತೆ, ಒಬ್ಬರೂ ಬರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ.

“ಅಜ್ಜಿದು ಇನ್ನ ದಿನ-ಕರ್ಮ ಮುಗಿದಿಲ್ಲ, ತಮ್ಮಾ. ಸೂತಕದಾಗ ದಾಳ ಉರುಳಸ್ತಾರೇನು? ಅದೂ ಕೊಂದವನ ಅಂಗಡ್ಯಾಗ ಕೂತು!”

ಕುರ್ಚಿ

ಸೂತಕ ಕಳೆದು ಬಂದರು. ಆದರೆ ಬರುತ್ತಲೇ ಅಕ್ಕ ನನ್ನ ಕುರ್ಚಿಯಲ್ಲಿ ಕೂತಳು. ಸಾರಥಿಯ ಕುರ್ಚಿಯಲ್ಲಿ!

“ಇನ್ನ ನಾನ ಸಾರಥಿ. ಅಜ್ಜಿ ಬದುಕ್ಯಾಳ.”

ಅಂಗಡಿ ನನ್ನದು, ದಾಳ ನನ್ನದು, ಆಟ ತಂದವನು ನಾನು. ಮೈ ಉರಿಯಿತು. “ಅದೇ ಅಜ್ಜಿ, ಅದೇ ಮಿರ್ಚಿ! ನಿಮ್ಮ ಜನ್ಮಕ್ಕ ಒಂದು ಹೊಸಾದು ಬ್ಯಾಡೇನು?” ಎಂದು ಹಾರಾಡಿದೆ.

“ಹಂಗಾದ್ರ ಪಂಥ ಕಟ್ಟು” ಎಂದಳು ಅಕ್ಕ. “ಇವತ್ತ ನೀ ಆಡು. ಆಟ ಮುಗಿಯೂತನಕ ಅಜ್ಜಿ ಸುದ್ದಿ ಎತ್ತಲಿಲ್ಲಂದ್ರ ಕುರ್ಚಿ ನಿಂದು. ಎತ್ತಿದಿ, ಕಾಯಂ ನಂದು.”

ನಕ್ಕುಬಿಟ್ಟೆ. ಅಜ್ಜಿಯ ಕಾಟದಿಂದ ಬಿಡುಗಡೆ ಬೇಕಾದವನಿಗೆ ಇಂಥ ಪಂಥವೇ? ಮೋಡದ ಮೇಲೆ ಹಡಗು ನಡೆಸುವ ವೀರನೊಬ್ಬನನ್ನು ಕಟ್ಟಿಕೊಂಡೆ. ಅಂಥ ಪಾತ್ರವನ್ನು ಹೈದರಾಬಾದಿನವರೂ ಕಂಡಿರಲಿಕ್ಕಿಲ್ಲ.

ಅಕ್ಕ ಸಮುದ್ರದ ತಳದಲ್ಲಿ ಒಂದು ಗಾಜಿನ ಪಟ್ಟಣ ಕಟ್ಟಿದಳು. ಪರವಾಗಿಲ್ಲ, ನನ್ನದರಷ್ಟು ಅಲ್ಲ. ಬಲಕ್ಕೆ ಅರಮನೆ, ಎಡಕ್ಕೆ ಬೇವಿನ ಮರ, ಅಜ್ಜಿಯ ಬಾಣಲೆಯ ಸಪ್ಪಳ. ಕಾಕಾ, ಮಾಸ್ತರರು ಅತ್ತ ಓಡಿದರು. ನಾನು ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ಅರಮನೆಯ ಕಡೆಗೇ ನೋಡಿದೆ.

“ಬರ್ರಿ ಸರ್, ಕೂಡ್ರಿ ಸರ್” ಎಂದಳು ಅಕ್ಕ, ಅಜ್ಜಿಯ ದನಿಯಲ್ಲಿ.

ಕಿವಿಗೆ ಕಾದ ಎಣ್ಣೆ ಬಿದ್ದಂತಾಯಿತು. ಅಜ್ಜಿ ‘ಸರ್’ ಅನ್ನುತ್ತಾಳೆಯೇ? ತುಟಿ ಕಚ್ಚಿ ಹಿಡಿದೆ. ಅರಮನೆ, ಅರಮನೆ.

“ಮಿರ್ಚಿ ಬಿಟ್ಟುಬಿಟ್ಟೇನ್ರಿ ಸರ್. ಎಷ್ಟಂತ ಹಳೇದನ್ನ ಕರೀಲಿ? ಈಗ ಹೊಸಾದು, ಗೋಬಿ ಮಂಚೂರಿ.”

ನಾನು ಎದ್ದ ರಭಸಕ್ಕೆ ಸ್ಟೂಲು ಉರುಳಿತು. “ಗೋಬಿ? ಅಜ್ಜಿ ಗೋಬಿ ಮಾಡಂಗಿಲ್ಲ! ಆಕಿಗೆ ಗೋಬಿ ಅಂದ್ರೇನಂತ ಗೊತ್ತಿಲ್ಲ! ಆಕಿ ತಿಂಥಣಿ ಕಡೇಕಿ, ಸುಸಲಾ-ಮಿರ್ಚಿ ಮಾಡ್ತಾಳ, ಸರ್-ಗಿರ್ ಅನ್ನಂಗಿಲ್ಲ, ‘ತಿಂದು ಸಾಯ್ರಿ’ ಅಂತಾಳ!”

“ಹೊಸಾದು ಬೇಕಂದಿ ಅಲ್ಲ, ತಮ್ಮಾ?”

“ಬೇಕಂದೆ. ಹಂಗಂತ ಅಜ್ಜಿನ್ನ ಕೆಡಸ್ತಾರೇನು?”

ಮೂವರೂ ನನ್ನ ಮುಖ ನೋಡುತ್ತಿದ್ದರು. ಅಕ್ಕ ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಸರಿದು ಆರಾಮಾಗಿ ಕೂತಳು.

ಕುರ್ಚಿಯಂತೂ ಹೋಯಿತು, ಅಜ್ಜಿಯಾದರೂ ಉಳಿಯಲಿ ಎಂದು ದಾಳ ಕಸಿದುಕೊಂಡೆ. “ಅಜ್ಜಿ ಗೋಬಿ ಒಗದು ಮಿರ್ಚಿ ಕರೀಬೇಕು!” ಎಂದು ಎಸೆದೆ. ಉರುಳಿ ಉರುಳಿ ನಿಂತಿತು: ಇಪ್ಪತ್ತು. ಹೈದರಾಬಾದಿನಿಂದ ಈ ದಾಳ ತಂದಾಗಿನಿಂದ ರಾಕ್ಷಸರಿಗಾಗಿ, ರಾಜರಿಗಾಗಿ, ಬಿರುಗಾಳಿಗಾಗಿ ಎಸೆದಿದ್ದೇನೆ. ನನ್ನ ಕೈಯಿಂದ ಒಮ್ಮೆಯೂ ಇಪ್ಪತ್ತು ಬಿದ್ದಿರಲಿಲ್ಲ. ಮೊದಲ ಸಲ ಬಿದ್ದದ್ದು ಭಜಿಗೆ.

ಅಕ್ಕ ಈಗ ಅಜ್ಜಿಯ ಖರೇ ದನಿ ತೆಗೆದು ಮೇಜು ಕುಕ್ಕಿದಳು. “ತಗೋ, ತಿಂದು ಸಾಯಿ!”

ಹಾಗೆ ಅನ್ನಿಸಿಕೊಂಡಾಗ ಎಷ್ಟು ಸಮಾಧಾನವಾಯಿತು ಎಂದರೆ, ಪ್ಲೇಟಿಗೆ ಕೈ ಚಾಚಿಯೇಬಿಟ್ಟಿದ್ದೆ.

“ಏಯ್, ತಡಿ!” ಎಂದು ಕಾಕಾ ಅಡ್ಡ ಬಂದು ತನ್ನ ಟವೆಲ್ ನನ್ನ ಕೈಗೆ ಕೊಟ್ಟ. “ಹೊಸಾ ಪಾತ್ರ. ಇನ್ನ ಪ್ರವೇಶನ ಆಗಿಲ್ಲ, ಹೆಂಗ ತಿಂತಿ?”

ಹಲ್ಲು ಕಡಿಯುತ್ತ ಟವೆಲ್ ಹೆಗಲಿಗೆ ಹಾಕಿದೆ. ನನ್ನದೇ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಅಕ್ಕನ ಕಡೆ ತಿರುಗಿ, ನೆಲ ಅದುರುವಂತೆ ಕಾಲು ಅಪ್ಪಳಿಸಿ ಕೂಗಿದೆ:

“ಎಲೈ ಸಾರಥಿ!”